ಕಂದು ಹಲ್ಲಿನ ಗುಟ್ಟು ಹುಡುಕಿದ ವೈದ್ಯ

ಮಕ್ಕಳೇ, ಕನ್ನಡಿಯ ಮುಂದೆ ನಿಂತು ಒಮ್ಮೆ ಬಾಯಿತುಂಬ ನಕ್ಕು ನೋಡಿ. ನಿಮ್ಮ ಹಲ್ಲುಗಳು ಯಾವ ಬಣ್ಣದಲ್ಲಿವೆ? ಎಲ್ಲವೂ ಒಂದೇ ಬಗೆಯಾಗಿ ಹೊಳೆಯುತ್ತಿವೆಯೇ? ಅಥವಾ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಬಿಳಿ ಗೆರೆಗಳು, ಹಳದಿ ಪಟ್ಟೆಗಳು, ಕಂದು ಕಲೆಗಳು ಕಾಣುತ್ತಿವೆಯೇ?

ಕೋಲಾರ ಜಿಲ್ಲೆಯ ಹಲವು ಊರುಗಳಲ್ಲಿ ಇಂಥ ಕಲೆ ಇರುವ ಮಕ್ಕಳು ನಿಮಗೆ ಸಿಗುತ್ತಾರೆ. ಅವರಲ್ಲಿ ಕೆಲವರು ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಹಲ್ಲುಜ್ಜದ ಸೋಮಾರಿಗಳು ಎಂದು ಉಳಿದವರು ಅವರನ್ನು ಹಾಸ್ಯ ಮಾಡುವುದೂ ಉಂಟು. ಆದರೆ ಈ ಮಕ್ಕಳು ದಿನಕ್ಕೆ ಹತ್ತು ಸಲ ಹಲ್ಲುಜ್ಜಿದರೂ ಆ ಕಲೆ ಹೋಗುವುದಿಲ್ಲ! ಏಕೆ ಗೊತ್ತೇ? ಅದು ಹಲ್ಲಿನ ಮೇಲೆ ಕುಳಿತ ಕೊಳೆಯಲ್ಲ. ಹಲ್ಲು ಒಸಡಿನೊಳಗೆ ಬೆಳೆಯುತ್ತಿದ್ದಾಗಲೇ ಅದರೊಳಗೆ ಸೇರಿಕೊಂಡ ದೋಷ.

ಈ ಗುಟ್ಟನ್ನು ಹುಡುಕಲು ಒಬ್ಬ ದಂತವೈದ್ಯರು 30 ವರ್ಷ ಶ್ರಮಿಸಿದರು. ಅವರ ಹೆಸರು ಫ್ರೆಡರಿಕ್ ಮೆಕೇ. ಜಗತ್ತಿನ ದಂತವೈದ್ಯರಿಗೆಲ್ಲ ಪರಿಚಿತವಾದ ಹೆಸರು ಅದು. ಬನ್ನಿ, ಅವರ ಕತೆಯನ್ನು ತಿಳಿಯೋಣ.

ಎರಡು ಚಿನ್ನದ ನಾಡುಗಳು

ಕೆಜಿಎಫ್ ತಾಲ್ಲೂಕಿನ ಬೇತಮಂಗಲವನ್ನು ನೀವು ನೋಡಿರಬಹುದು. ಈ ಊರಿಗೆ ವಿಜಯಾದಿತ್ಯಮಂಗಲ ಎಂಬ ಹಳೆಯ ಹೆಸರಿದೆ. ಇಲ್ಲಿ ಪಾಲಾರ್ ನದಿಯ ನೀರನ್ನು ತಡೆದು ನಿಲ್ಲಿಸಿದ ದೊಡ್ಡ ಕೆರೆಯಿದೆ. ಕೋಲಾರದ ಚಿನ್ನದ ಗಣಿಗಳು ಬೆಳೆದಾಗ ಸಾವಿರಾರು ಕಾರ್ಮಿಕರ ಕುಟುಂಬಗಳು ಅಲ್ಲಿಗೆ ಬಂದು ನೆಲೆಸಿದವು. ಅಷ್ಟೊಂದು ಜನಕ್ಕೆ ಕುಡಿಯುವ ನೀರು ಎಲ್ಲಿಂದ ಬರಬೇಕು? ಬೇತಮಂಗಲದ ಕೆರೆಯ ನೀರನ್ನೇ ಶುದ್ಧಗೊಳಿಸಿ, ಕೊಳವೆಗಳ ಮೂಲಕ ಗಣಿ ಊರಿಗೆ ಕಳುಹಿಸಿದರು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಬಂತು. ಅದೇ ಕಾಲಕ್ಕೆ, ಸಾವಿರಾರು ಮೈಲಿ ದೂರದ ಅಮೆರಿಕದಲ್ಲಿ ಇನ್ನೊಂದು ಚಿನ್ನದ ನಾಡು ಬೆಳೆಯುತ್ತಿತ್ತು. ಕೊಲೊರಾಡೊ ರಾಜ್ಯದಲ್ಲಿ ಪೈಕ್ಸ್ ಪೀಕ್ ಎಂಬ ಎತ್ತರದ ಬೆಟ್ಟವಿದೆ. ಬೆಟ್ಟದ ಒಂದು ಕಡೆ ಕ್ರಿಪಲ್ ಕ್ರೀಕ್ ಎಂಬ ಚಿನ್ನದ ಗಣಿ ಊರು, ಇನ್ನೊಂದು ಕಡೆ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಪಟ್ಟಣ. ಆ ಬೆಟ್ಟ ಗ್ರಾನೈಟ್ ಕಲ್ಲಿನದು. ನಮ್ಮ ಕೋಲಾರದ ಬೆಟ್ಟಗುಡ್ಡಗಳಲ್ಲಿಯೂ ಗ್ರಾನೈಟ್ ಇದೆಯಲ್ಲವೇ? ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಹೊಸ ಊರಿನಲ್ಲಿ ಹೊಸ ಒಗಟು

ಮೆಕೇ ಅವರು ಹುಟ್ಟಿದ್ದು 1874ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ. 1900ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದಂತವೈದ್ಯ ಪದವಿ ಪಡೆದರು. ಮರುವರ್ಷ, ಅಂದರೆ 1901ರಲ್ಲಿ, ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದು ವೃತ್ತಿ ಆರಂಭಿಸಿದರು.

ಅಲ್ಲಿ ಅವರಿಗೆ ಅಚ್ಚರಿ ಕಾದಿತ್ತು. ಅಲ್ಲಿಯೇ ಹುಟ್ಟಿ ಬೆಳೆದ ಬಹಳಷ್ಟು ಜನರ ಹಲ್ಲಿನ ಮೇಲೆ ಕಂದು ಕಲೆಗಳಿದ್ದವು. ಕೆಲವರ ಹಲ್ಲು ಚಾಕೊಲೇಟ್ ಬಣ್ಣಕ್ಕೆ ತಿರುಗಿತ್ತು. ಮೆಕೇ ತಮ್ಮ ಪುಸ್ತಕಗಳನ್ನೆಲ್ಲ ತೆಗೆದು ನೋಡಿದರು. ಎಲ್ಲಿಯೂ ಈ ಕಾಯಿಲೆಯ ವಿವರಣೆ ಸಿಗಲಿಲ್ಲ. ಊರಿನ ಬೇರೆ ದಂತವೈದ್ಯರಿಗೆ ಅದು ದಿನವೂ ನೋಡಿ ರೂಢಿಯಾದ ಸಂಗತಿ. ಅವರು ತಲೆಕೆಡಿಸಿಕೊಂಡಿರಲಿಲ್ಲ. ಊರಿನವರು ಮಾತ್ರ ತಮಗೆ ತೋಚಿದ ಕಾರಣ ಹೇಳುತ್ತಿದ್ದರು. ಹಂದಿ ಮಾಂಸ ಹೆಚ್ಚು ತಿನ್ನುವುದರಿಂದ ಎಂದರು ಕೆಲವರು. ಕೆಟ್ಟ ಹಾಲು ಕುಡಿಯುವುದರಿಂದ ಎಂದರು ಇನ್ನು ಕೆಲವರು. ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದೆ ಎಂದರು ಮತ್ತೆ ಕೆಲವರು.

ಮೆಕೇ ಈ ಮಾತುಗಳನ್ನು ಕೇಳಿಸಿಕೊಂಡರು. ಆದರೆ ಕಣ್ಣುಮುಚ್ಚಿ ನಂಬಲಿಲ್ಲ. ಪರೀಕ್ಷೆ ಮಾಡಿಯೇ ತಿಳಿಯಬೇಕು ಎಂದು ಹೊರಟರು.

ಹಿರಿಯ ವಿಜ್ಞಾನಿಯ ನೆರವು

ಆಗ ಷಿಕಾಗೋ ನಗರದಲ್ಲಿ ಜಿ. ವಿ. ಬ್ಲ್ಯಾಕ್ ಎಂಬ ಬಹು ಪ್ರಸಿದ್ಧ ದಂತ ವಿಜ್ಞಾನಿ ಇದ್ದರು. ಮೆಕೇ ಅವರಿಗೆ ಪತ್ರ ಬರೆದು ವಿಷಯ ತಿಳಿಸಿದರು. ಇಷ್ಟೊಂದು ಜನಕ್ಕೆ ಬಂದ ಕಾಯಿಲೆಯನ್ನು ದಂತವೈದ್ಯರ ಯಾವ ಪುಸ್ತಕವೂ ಹೆಸರಿಸಿಲ್ಲ ಎಂದರೆ ಬ್ಲ್ಯಾಕ್ ಅವರಿಗೆ ಮೊದಲು ನಂಬಿಕೆಯೇ ಬರಲಿಲ್ಲ. 1909ರಲ್ಲಿ ಅವರು ತಾವೇ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದರು. ಅಷ್ಟರಲ್ಲಿ ಆ ಊರಿನ ಮಕ್ಕಳ ಹಲ್ಲುಗಳ ತಪಾಸಣೆ ನಡೆದಿತ್ತು. ಅಲ್ಲಿಯೇ ಹುಟ್ಟಿದ 100 ಮಕ್ಕಳಲ್ಲಿ ಸುಮಾರು 90 ಮಕ್ಕಳಿಗೆ ಕಲೆಗಳಿದ್ದವು!

ಇಬ್ಬರೂ ಸೇರಿ ಆರು ವರ್ಷ ಅಧ್ಯಯನ ಮಾಡಿದರು. 1915ರಲ್ಲಿ ಬ್ಲ್ಯಾಕ್ ತೀರಿಕೊಂಡರು. ಅಷ್ಟರೊಳಗೆ ಎರಡು ಮುಖ್ಯ ಸಂಗತಿಗಳು ತಿಳಿದಿದ್ದವು.

ಮೊದಲನೆಯದು: ದೊಡ್ಡವರಾದ ಮೇಲೆ ಆ ಊರಿಗೆ ಬಂದು ನೆಲೆಸಿದವರಿಗೆ ಕಲೆ ಬರುತ್ತಿರಲಿಲ್ಲ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಅಲ್ಲಿದ್ದ ಮಕ್ಕಳಿಗೆ ಮಾತ್ರ ಬರುತ್ತಿತ್ತು.

ಎರಡನೆಯದು ಇನ್ನೂ ವಿಚಿತ್ರ: ಕಲೆ ಇರುವ ಹಲ್ಲುಗಳು ನೋಡಲು ಚೆನ್ನಾಗಿರಲಿಲ್ಲ, ನಿಜ. ಆದರೆ ಅವು ಸುಲಭವಾಗಿ ಹುಳುಕಾಗುತ್ತಿರಲಿಲ್ಲ!

ಇದು ಹೇಗೆ ಸಾಧ್ಯ? ಉತ್ತರ ಇನ್ನೂ ದೂರವಿತ್ತು.

ಹಲ್ಲು ಬೆಳೆಯುವುದು ಹೇಗೆ?

ಇಲ್ಲಿ ಸ್ವಲ್ಪ ನಿಂತು ಹಲ್ಲಿನ ವಿಷಯ ತಿಳಿಯೋಣ. ನಿಮಗೆ ಮೊದಲು ಬಂದದ್ದು 20 ಹಾಲುಹಲ್ಲುಗಳು. ಸುಮಾರು 6ನೇ ವಯಸ್ಸಿನಿಂದ ಅವು ಬೀಳತೊಡಗಿ, ಶಾಶ್ವತ ಹಲ್ಲುಗಳು ಬರತೊಡಗುತ್ತವೆ. ದೊಡ್ಡವರಾಗುವಷ್ಟರಲ್ಲಿ ಅವು 32 ಆಗುತ್ತವೆ. ಆದರೆ ಶಾಶ್ವತ ಹಲ್ಲು ಹುಟ್ಟುವ ದಿನವೇ ತಯಾರಾಗುವುದಿಲ್ಲ. ನೀವು ಹಸುಗೂಸಾಗಿದ್ದಾಗಿನಿಂದಲೇ ಅವು ದವಡೆಯೊಳಗೆ ಸದ್ದಿಲ್ಲದೆ ಬೆಳೆಯುತ್ತಿರುತ್ತವೆ. ಸುಮಾರು 8 ವರ್ಷದೊಳಗೆ ಹೆಚ್ಚಿನ ಹಲ್ಲುಗಳ ಹೊರಕವಚ ರೂಪುಗೊಂಡಿರುತ್ತದೆ.

ಈ ಹೊರಕವಚಕ್ಕೆ ಎನಾಮಲ್ ಎಂದು ಹೆಸರು. ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತು ಇದೇ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಚರ್ಮ ತರಚಿದರೆ ಮಾಯುತ್ತದೆ. ಆದರೆ ಎನಾಮಲ್ ಒಮ್ಮೆ ಮುಕ್ಕಾದರೆ ಮತ್ತೆ ಬೆಳೆಯುವುದಿಲ್ಲ. ಅದು ಬೆಳೆಯುವಾಗ ಸೇರಿದ ಕಲೆಯೂ ಉಜ್ಜಿದರೆ ಹೋಗುವುದಿಲ್ಲ.

ಓಕ್ಲಿ ಊರಿನ ತಾಯಂದಿರು

ಬ್ಲ್ಯಾಕ್ ತೀರಿಕೊಂಡ ಮೇಲೂ ಮೆಕೇ ಕೈಚೆಲ್ಲಲಿಲ್ಲ. ಅವರಿಗೆ ನೀರಿನ ಮೇಲೆ ಅನುಮಾನ ಹುಟ್ಟಿತ್ತು. ಆದರೆ ಸಾಕ್ಷಿ ಇರಲಿಲ್ಲ.

1923ರಲ್ಲಿ ಇಡಾಹೊ ರಾಜ್ಯದ ಓಕ್ಲಿ ಎಂಬ ಸಣ್ಣ ಊರಿಗೆ ಹೋದರು. ಅಲ್ಲಿನ ಮಕ್ಕಳಿಗೂ ಹಲ್ಲಿನ ಮೇಲೆ ಕಂದು ಕಲೆಗಳು ಬರತೊಡಗಿದ್ದವು. ತಂದೆತಾಯಿಯರು ಒಂದು ಸುಳಿವು ಕೊಟ್ಟರು. ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಹೊಸ ಕೊಳವೆ ಹಾಕಿಸಿದ ಮೇಲೆಯೇ ಈ ಕಾಟ ಶುರುವಾಗಿತ್ತು!

ಮೆಕೇ ಆ ನೀರನ್ನು ಪರೀಕ್ಷೆ ಮಾಡಿಸಿದರು. ಅನುಮಾನ ಪಡುವಂಥದ್ದೇನೂ ಸಿಗಲಿಲ್ಲ. ಆದರೂ ಅವರು ಊರಿನವರಿಗೆ, ಆ ಕೊಳವೆಯನ್ನು ಬಿಟ್ಟು ಹತ್ತಿರದ ಬೇರೆ ಬುಗ್ಗೆಯ ನೀರು ಬಳಸಲು ಸಲಹೆ ಕೊಟ್ಟರು. ಊರಿನವರು ಒಪ್ಪಿದರು. ಕೆಲವೇ ವರ್ಷಗಳಲ್ಲಿ ಫಲ ಕಂಡಿತು. ದೊಡ್ಡ ಮಕ್ಕಳ ಹಳೆಯ ಕಲೆ ಹಾಗೆಯೇ ಉಳಿದಿತ್ತು. ಚಿಕ್ಕ ಮಕ್ಕಳಿಗೆ ಹೊಸದಾಗಿ ಹುಟ್ಟಿದ ಶಾಶ್ವತ ಹಲ್ಲುಗಳು ಮಾತ್ರ ಕಲೆಯಿಲ್ಲದೆ ಬಂದವು!

ಈಗ ಮೆಕೇ ಅವರಿಗೆ ಖಾತ್ರಿಯಾಯಿತು. ಕಳ್ಳ ಅಡಗಿರುವುದು ನೀರಿನಲ್ಲಿಯೇ. ಆದರೆ ಆ ಕಳ್ಳ ಯಾರು?

ಸಿಕ್ಕಿಬಿದ್ದ ಕಳ್ಳ

ಅರ್ಕಾನ್ಸಾಸ್ ರಾಜ್ಯದಲ್ಲಿ ಬಾಕ್ಸೈಟ್ ಎಂಬ ಊರಿದೆ. ಅಲ್ಯೂಮಿನಿಯಂ ಅದಿರಿಗೂ ಅದೇ ಹೆಸರು. ಅಲ್ಲಿ ಆ ಅದಿರನ್ನು ಅಗೆಯುತ್ತಿದ್ದರು. ಅಲ್ಲಿನ ಮಕ್ಕಳ ಹಲ್ಲಿನಲ್ಲಿಯೂ ಕಲೆಗಳಿದ್ದವು. ಆದರೆ ಕೇವಲ ಐದು ಮೈಲಿ ದೂರದ ಪಕ್ಕದ ಊರಿನ ಮಕ್ಕಳ ಹಲ್ಲು ಚೆನ್ನಾಗಿದ್ದವು. ಮೆಕೇ, ಸರ್ಕಾರದ ಆರೋಗ್ಯ ಇಲಾಖೆಯ ಗ್ರೋವರ್ ಕೆಂಫ್ ಅವರೊಡನೆ ಹೋಗಿ ಇದನ್ನು ಕಂಡು ವರದಿ ಬರೆದರು.

ಆ ವರದಿ ಅಲ್ಯೂಮಿನಿಯಂ ಕಂಪನಿಯ ಮುಖ್ಯ ರಸಾಯನ ವಿಜ್ಞಾನಿ ಎಚ್. ವಿ. ಚರ್ಚಿಲ್ ಅವರ ಕೈಗೆ ಬಂತು. ಅವರಿಗೆ ಆತಂಕವಾಯಿತು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡಿದರೆ ವಿಷವಾಗುತ್ತದೆ ಎಂದು ಜನ ಆಗಲೇ ಆಡಿಕೊಳ್ಳುತ್ತಿದ್ದರು. ಈಗ ಇದೂ ಕಂಪನಿಯ ತಲೆಗೆ ಬಂದರೆ? ಅವರು ಬಾಕ್ಸೈಟ್ ಊರಿನ ನೀರನ್ನು ತರಿಸಿ, ಬೆಳಕಿನ ವರ್ಣಪಟಲದ ನೆರವಿನಿಂದ ಅತಿ ಸೂಕ್ಷ್ಮವಾಗಿ ಪರೀಕ್ಷೆ ಮಾಡಿಸಿದರು.

ಫಲಿತಾಂಶ ನೋಡಿ ಅವರೇ ಬೆರಗಾದರು. ನೀರಿನಲ್ಲಿ ಯಾರೂ ಊಹಿಸಿರದಷ್ಟು ಫ್ಲೋರೈಡ್ ಇತ್ತು! ಎಲ್ಲೋ ತಪ್ಪಾಗಿರಬೇಕು ಎಂದುಕೊಂಡು ಹೊಸದಾಗಿ ನೀರು ತರಿಸಿ ಮತ್ತೆ ಪರೀಕ್ಷೆ ಮಾಡಿಸಿದರು. ಉತ್ತರ ಅದೇ ಬಂತು. ಒಂದು ಲೀಟರ್ ನೀರಿನಲ್ಲಿ 13.7 ಮಿಲಿಗ್ರಾಂ ಫ್ಲೋರೈಡ್. ಆವರೆಗಿನ ಪರೀಕ್ಷೆಗಳಲ್ಲಿ ಯಾರೂ ಫ್ಲೋರೈಡನ್ನು ಹುಡುಕಿರಲೇ ಇಲ್ಲ. ಹುಡುಕದಿದ್ದರೆ ಸಿಗುವುದಾದರೂ ಹೇಗೆ?

1931ರ ಜನವರಿಯಲ್ಲಿ ಚರ್ಚಿಲ್ ಈ ವಿಷಯವನ್ನು ಮೆಕೇ ಅವರಿಗೆ ಪತ್ರದಲ್ಲಿ ತಿಳಿಸಿದರು. ಕಲೆ ಕಂಡ ಬೇರೆ ಊರುಗಳ ನೀರನ್ನೂ ಕಳುಹಿಸಲು ಕೇಳಿದರು. ಮೆಕೇ ಕಳುಹಿಸಿದರು. ಆ ನೀರಿನಲ್ಲೆಲ್ಲ ಫ್ಲೋರೈಡ್ ಹೆಚ್ಚಾಗಿತ್ತು. ಕೊಲೊರಾಡೊ ಸ್ಪ್ರಿಂಗ್ಸ್‌ನ ನೀರಿಗೆ ಅದು ಪೈಕ್ಸ್ ಪೀಕ್ ಬೆಟ್ಟದ ಗ್ರಾನೈಟ್ ಕಲ್ಲಿನಿಂದ ಕರಗಿ ಬಂದಿತ್ತು. ತರುಣರಾಗಿದ್ದಾಗ ಎದುರಾದ ಒಗಟಿಗೆ ಉತ್ತರ ಸಿಕ್ಕಾಗ ಮೆಕೇ ಅವರಿಗೆ 56 ವರ್ಷ!

ಅತಿಯಾದರೆ ಕೆಡುಕು, ಮಿತವಾದರೆ ಒಳಿತು

ಹಾಗಾದರೆ ಫ್ಲೋರೈಡ್ ಶುದ್ಧ ವಿಷವೇ? ಇಲ್ಲ. ಕಲೆ ಇರುವ ಹಲ್ಲು ಸುಲಭವಾಗಿ ಹುಳುಕಾಗುವುದಿಲ್ಲ ಎಂದು ಮೆಕೇ ಮತ್ತು ಬ್ಲ್ಯಾಕ್ ಕಂಡಿದ್ದರಲ್ಲವೇ? ಟ್ರೆಂಡ್ಲಿ ಡೀನ್ ಎಂಬ ಇನ್ನೊಬ್ಬ ದಂತವೈದ್ಯರು ಆ ದಾರಿಯಲ್ಲಿ ಮುಂದೆ ಹೋದರು. ಅನೇಕ ಊರುಗಳ ಮಕ್ಕಳ ಹಲ್ಲನ್ನೂ ನೀರನ್ನೂ ಹೋಲಿಸಿ ನೋಡಿದರು. ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಹೆಚ್ಚಿನವರಿಗೆ ಕಲೆ ಬರುವುದಿಲ್ಲ, ಹುಳುಕೂ ಕಡಿಮೆ ಎಂದು ಕಂಡುಕೊಂಡರು. 1945ರಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ, ಫ್ಲೋರೈಡ್ ಕಡಿಮೆಯಿದ್ದ ನೀರಿಗೆ ಅದನ್ನು ಅಳತೆಯಿಂದ ಸೇರಿಸಿದರು. ಮುಂದೆ ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಹಲ್ಲು ಹುಳುಕು ಶೇಕಡಾ 60ಕ್ಕಿಂತ ಹೆಚ್ಚು ಇಳಿಯಿತು. ನೀವು ಬಳಸುವ ಹಲವು ಟೂತ್‌ಪೇಸ್ಟ್‌ಗಳಲ್ಲಿ ಫ್ಲೋರೈಡ್ ಇರುವುದೂ ಇದೇ ಕಾರಣಕ್ಕೆ.

ಮೆಕೇ ಈ ಫಲವನ್ನೆಲ್ಲ ಕಂಡು, 1959ರಲ್ಲಿ, 85ನೇ ವಯಸ್ಸಿನಲ್ಲಿ, ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿಯೇ ಕಣ್ಣುಮುಚ್ಚಿದರು.

ನಮ್ಮ ಕೋಲಾರದ ಮಾತು

ಭಾರತದಲ್ಲಿಯೂ ಈ ಸಮಸ್ಯೆ ಇದೆ. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದಲ್ಲಿ ಷಾರ್ಟ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಇದನ್ನು ಗುರುತಿಸಿದರು. ಅಲ್ಲಿ ಹಲ್ಲಷ್ಟೇ ಅಲ್ಲ, ಅತಿ ಹೆಚ್ಚು ಫ್ಲೋರೈಡ್ ಇರುವ ನೀರನ್ನು ಬಹಳ ವರ್ಷ ಕುಡಿದವರ ಬೆನ್ನು ಮತ್ತು ಕೀಲುಗಳೂ ಬಿಗಿದು ಹೋಗಿದ್ದವು. ಈ ಕಾಯಿಲೆಗೆ ಫ್ಲೋರೋಸಿಸ್ ಎಂದು ಹೆಸರು.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದೆ ಕೆರೆ, ಬಾವಿಗಳೇ ಆಧಾರ. ಅವು ಬತ್ತಿದಂತೆ ಜನ ಬೋರ್‌ವೆಲ್ ಕೊರೆಸಿದರು. ಈಗ ಎಷ್ಟೋ ಕಡೆ 1000 ಅಡಿಗಿಂತ ಆಳಕ್ಕೆ ಇಳಿದರೆ ಮಾತ್ರ ನೀರು. ಮಳೆಯ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಅದು ಹರಿದು ಕೆರೆ ಸೇರಿದರೂ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಆದರೆ ಆಳದ ನೀರು ಬಹಳ ಕಾಲ ಕಲ್ಲಿನ ಸಂದಿಯಲ್ಲಿ ನಿಂತು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಹೀಗಾಗಿ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಮೊದಲು ಹೇಳಿದ ಗ್ರಾನೈಟ್ ಈಗ ನೆನಪಾಯಿತೇ? ಬೇತಮಂಗಲದಂಥ ಕೆರೆಗಳಲ್ಲಿ ಹೂಳು ತುಂಬದಂತೆ, ಕೊಳಕು ಸೇರದಂತೆ ಕಾಯುವುದಕ್ಕೂ ಹಲ್ಲಿನ ಆರೋಗ್ಯಕ್ಕೂ ಇರುವ ನಂಟು ಇದೇ.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಸಿಗದಿದ್ದರೆ ಹೆಚ್ಚೆಂದರೆ 1.5 ಮಿಲಿಗ್ರಾಂ. ಇದು ಭಾರತೀಯ ಮಾನಕ ಸಂಸ್ಥೆ ಹಾಕಿದ ಮಿತಿ. ನೀರನ್ನು ನೋಡಿ, ಮೂಸಿ, ರುಚಿ ನೋಡಿ ಫ್ಲೋರೈಡ್ ಇದೆಯೇ ಎಂದು ಹೇಳಲಾಗದು. ಪರೀಕ್ಷೆಯೊಂದೇ ದಾರಿ.

ಇನ್ನೊಂದು ಮಾತು ಗಮನಿಸಿ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಫ್ಲೋರೈಡಿನ ಪ್ರಮಾಣ ಏರುತ್ತದೆ! ಬಟ್ಟೆಯಲ್ಲಿ ಸೋಸಿದರೂ ಹೋಗದು. ಶುದ್ಧ ನೀರಿನ ಘಟಕಗಳಲ್ಲಿರುವ ಆರ್‌ಒ ಯಂತ್ರ ಅದನ್ನು ತೆಗೆಯುತ್ತದೆ. ಆ ನೀರನ್ನು ಕುಡಿಯಲು ಮಾತ್ರವಲ್ಲ, ಮುದ್ದೆ, ಅನ್ನ, ಸಾರು ಮಾಡಲೂ ಬಳಸಬೇಕು. ಚಾವಣಿಯ ಮಳೆನೀರನ್ನು ಸೋಸಿ, ಶುಚಿಯಾಗಿ ಕೂಡಿಟ್ಟು, ಕುದಿಸಿ ಆರಿಸಿ ಕುಡಿಯುವುದೂ ಒಳ್ಳೆಯ ಉಪಾಯ.

ನಿಮ್ಮ ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿದ್ದರೆ ಅವರಿಗೆ ಈ ನೀರು ಎಲ್ಲರಿಗಿಂತ ಮುಖ್ಯ. ಅವರ ಶಾಶ್ವತ ಹಲ್ಲು ದವಡೆಯೊಳಗೆ ಬೆಳೆಯುತ್ತಿರುವುದು ಈಗಲೇ ಅಲ್ಲವೇ? ಓಕ್ಲಿಯ ಮಕ್ಕಳಿಗಾದ ಒಳಿತು ಅವರಿಗೂ ಆಗಲಿ.

ಹುಳುಕು ಹಲ್ಲು, ರಕ್ತ ಸುರಿಯುವ ಒಸಡು

ನೀರು ಸರಿಯಿದ್ದರೆ ಸಾಕೇ? ಸಾಲದು. ಹುಳುಕು ಹಲ್ಲು ಬರುವುದು ಬೇರೆ ಕಾರಣದಿಂದ. ಹಲ್ಲಿನಲ್ಲಿ ನಿಜವಾದ ಹುಳು ಇರುವುದಿಲ್ಲ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ಹಲ್ಲಿಗೆ ಅಂಟಿದ ಸಿಹಿಯನ್ನು ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಎನಾಮಲನ್ನು ಕರಗಿಸಿ ಗುಳಿ ಮಾಡುತ್ತದೆ. ಗುಳಿ ಒಳಗಿನ ನರದವರೆಗೆ ಇಳಿದಾಗ ತಡೆಯಲಾರದ ನೋವು ಬರುತ್ತದೆ.

ಬ್ಯಾಕ್ಟೀರಿಯಾಗಳ ಅಂಟುಪದರ ಒಸಡಿನ ಅಂಚಿನಲ್ಲಿ ಉಳಿದರೆ ಒಸಡು ಕೆಂಪಾಗಿ ಊದುತ್ತದೆ. ಉಜ್ಜುವಾಗ ರಕ್ತ ಬರುತ್ತದೆ. ರಕ್ತ ಕಂಡ ಕೂಡಲೇ ಕೆಲವರು ಉಜ್ಜುವುದನ್ನೇ ಬಿಡುತ್ತಾರೆ. ಅದು ತಪ್ಪು. ಮೃದುವಾದ ಬ್ರಷ್‌ನಿಂದ ನಿಧಾನವಾಗಿ ಉಜ್ಜುತ್ತಲೇ ಇರಬೇಕು. ಅಂಟುಪದರ ಗಟ್ಟಿಯಾಗಿ ಕಿಟ್ಟ ಕಟ್ಟಿದರೆ ದಂತವೈದ್ಯರೇ ತೆಗೆಯಬೇಕು.

ನೀವು ಮಾಡಬೇಕಾದದ್ದು ಇಷ್ಟು:

• ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುಂಚೆ, ಎರಡೆರಡು ನಿಮಿಷ ಹಲ್ಲುಜ್ಜಿ. ರಾತ್ರಿಯದನ್ನು ಮರೆಯಬೇಡಿ.
• ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಅದನ್ನು ನುಂಗದೆ ಉಗುಳಿ.
• ಇದ್ದಿಲು, ಇಟ್ಟಿಗೆ ಪುಡಿ, ಮರಳಿನಿಂದ ಉಜ್ಜಬೇಡಿ. ಎನಾಮಲ್ ಸವೆಯುತ್ತದೆ. ಬೇವಿನ ಕಡ್ಡಿ ಬಳಸುವುದಾದರೆ ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಳ್ಳಿ.
• ಹಲ್ಲುನೋವೆಂದು ಹೊಗೆಸೊಪ್ಪು ಇಟ್ಟುಕೊಳ್ಳಬೇಡಿ. ಅದರಿಂದ ಬಾಯಿಯ ಕ್ಯಾನ್ಸರ್ ಬರಬಹುದು.
• ಚಾಕೊಲೇಟ್, ಬಿಸ್ಕತ್ತು, ಮಿಠಾಯಿಯನ್ನು ದಿನವಿಡೀ ಸ್ವಲ್ಪಸ್ವಲ್ಪವೇ ತಿನ್ನಬೇಡಿ. ತಿಂದ ಮೇಲೆ ಬಾಯಿ ಮುಕ್ಕಳಿಸಿ.
• ರಾಗಿ, ಹಾಲು, ಸೊಪ್ಪು, ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಿ. ಅವುಗಳಲ್ಲಿರುವ ಕ್ಯಾಲ್ಸಿಯಂ, ಸಿ ಜೀವಸತ್ವ ಹಲ್ಲು, ಒಸಡುಗಳಿಗೆ ಬೇಕು.
• ನೋವು ಬರುವವರೆಗೆ ಕಾಯದೆ ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಹಲ್ಲು ತೋರಿಸಿ.

ಮಾಡಿ ನೋಡಿ

1. ಕೆರೆ ದಂಡೆಯಲ್ಲಿ ಸಿಗುವ ಖಾಲಿ ಶಂಖದ ಹುಳುವಿನ ಚಿಪ್ಪು ಅಥವಾ ಮೊಟ್ಟೆಯ ಚಿಪ್ಪಿನ ಎರಡು ಚೂರು ತನ್ನಿ. ಒಂದನ್ನು ನೀರಿನಲ್ಲಿ, ಇನ್ನೊಂದನ್ನು ನಿಂಬೆರಸದಲ್ಲಿ ಹಾಕಿ ಎರಡು ದಿನ ಬಿಡಿ. ಯಾವುದು ಮೆತ್ತಗಾಯಿತು? ಆಮ್ಲದ ಕೆಲಸ ನಿಮಗೇ ತಿಳಿಯುತ್ತದೆ. ಹಲ್ಲು ಚಿಪ್ಪಿಗಿಂತ ಗಟ್ಟಿ, ಆದರೆ ಅದೂ ಆಮ್ಲಕ್ಕೆ ಕರಗುತ್ತದೆ.

2. ಮೆಕೇ ಮಾಡಿದಂತೆ ನೀವೂ ಮಾಡಿ. ನಿಮ್ಮ ತರಗತಿಯವರು ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಕೆರೆಯೇ, ಬೋರ್‌ವೆಲ್ಲೇ, ಶುದ್ಧ ನೀರಿನ ಘಟಕವೇ, ಮಳೆನೀರೇ? ಪಟ್ಟಿ ಮಾಡಿ. ಆ ನೀರಿನ ಫ್ಲೋರೈಡ್ ಪರೀಕ್ಷೆಯಾಗಿದೆಯೇ ಎಂದು ಶಿಕ್ಷಕರ ಮೂಲಕ ಗ್ರಾಮ ಪಂಚಾಯಿತಿಯನ್ನು ಕೇಳಿ. ಆಗಿಲ್ಲದಿದ್ದರೆ ಮಾಡಿಸಿಕೊಡಲು ಎಲ್ಲರೂ ಸೇರಿ ಪತ್ರ ಬರೆಯಿರಿ.

ಹಲ್ಲಿನ ಮೇಲೆ ಕಲೆ ಇರುವ ಗೆಳೆಯರನ್ನು ಇನ್ನು ಮುಂದೆ ಯಾರೂ ನಗೆಯಾಡಬೇಡಿ. ತಪ್ಪು ಅವರದಲ್ಲ, ಆಳದಿಂದ ಬಂದ ನೀರಿನದು. ಆ ಕಲೆಯನ್ನು ಮರೆಮಾಡುವ ಚಿಕಿತ್ಸೆ ದಂತವೈದ್ಯರಲ್ಲಿದೆ ಎಂದು ಅವರಿಗೆ ಹೇಳಿ. ಬಾಯಿ ಮುಚ್ಚಿಕೊಂಡ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಜೊತೆಗೂಡಿ ನಗಿರಿ.